ಆಟಕ್ಕುಂಟು, ಲೆಕ್ಕಕ್ಕಿಲ್ಲ: ತಂಡದ ಆಯ್ಕೆಯ ಇತಿಹಾಸ



ತಾಲ್ಲೂಕು ಮಟ್ಟದ ಕ್ರೀಡಾಕೂಟ ಹತ್ತಿರ ಬಂದಾಗ ನಿಮ್ಮ ಶಾಲೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನೆನಪಿಸಿಕೊಳ್ಳಿ. ಕಬಡ್ಡಿ ತಂಡಕ್ಕೆ ಸೇರಬೇಕೆಂದು ನಲವತ್ತು ಮಂದಿ ಮೈದಾನಕ್ಕೆ ಬರುತ್ತಾರೆ ಎನ್ನೋಣ. ಅಂಕಣದಲ್ಲಿ ಆಡುವವರು ಏಳು ಮಂದಿ. ಬದಲಿ ಆಟಗಾರರನ್ನು ಸೇರಿಸಿದರೂ ಹನ್ನೆರಡು. ದೈಹಿಕ ಶಿಕ್ಷಕರು ಮೂರು ನಾಲ್ಕು ಸಂಜೆ ಆಡಿಸಿ ನೋಡಿ ಹನ್ನೆರಡು ಹೆಸರುಗಳನ್ನು ಓದುತ್ತಾರೆ. ಉಳಿದ ಇಪ್ಪತ್ತೆಂಟು ಮಂದಿ ಚೀಲವನ್ನು ಹೆಗಲಿಗೇರಿಸಿ ಮನೆಗೆ ಹೋಗುತ್ತಾರೆ. ಅವರಲ್ಲಿ ಎಷ್ಟು ಮಂದಿ ಮುಂದಿನ ವರ್ಷ ಮತ್ತೆ ಮೈದಾನಕ್ಕೆ ಬರುತ್ತಾರೆ?

ಕಡಿಮೆ ಕೌಶಲದ ಹುಡುಗ ಹುಡುಗಿಯರನ್ನು ಸ್ಪರ್ಧೆಯ ತಂಡದಿಂದ ಕೈಬಿಡುವುದು ಸರಿಯೇ, ತಪ್ಪೇ? ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಥಟ್ಟನೆ ಬರುತ್ತವೆ. ಗೆಲ್ಲಬೇಕಾದರೆ ಚೆನ್ನಾಗಿ ಆಡುವವರನ್ನೇ ಕಳುಹಿಸಬೇಕು, ಪರೀಕ್ಷೆಯಲ್ಲಿ ಓದದವನಿಗೆ ಅಂಕ ಕೊಡುತ್ತಾರೆಯೇ ಎಂದು ಕೆಲವರು ಕೇಳುತ್ತಾರೆ. ಶಾಲೆಯ ಮೈದಾನ ಎಲ್ಲ ಮಕ್ಕಳಿಗೂ ಸೇರಿದ್ದು, ಆಟದಿಂದ ಒಬ್ಬರನ್ನು ದೂರ ಮಾಡುವ ಹಕ್ಕು ಯಾರಿಗಿದೆ ಎಂದು ಮತ್ತೆ ಕೆಲವರು ಕೇಳುತ್ತಾರೆ. ಎರಡರಲ್ಲೂ ಸತ್ಯಾಂಶವಿದೆ. ಇದು ನಮ್ಮ ಶಾಲೆಯಲ್ಲಿ ಇಂದು ಹುಟ್ಟಿದ ಪ್ರಶ್ನೆಯಲ್ಲ. ಇದಕ್ಕೆ ನೂರೈವತ್ತು ವರ್ಷಗಳಿಗೂ ಮಿಗಿಲಾದ ಇತಿಹಾಸವಿದೆ. ಆ ಇತಿಹಾಸವನ್ನು ಅರಿತರೆ ವಾದ ಮಾಡುವುದು ಸುಲಭವಾಗದಿರಬಹುದು, ತೀರ್ಮಾನ ಮಾಡುವುದು ಸುಲಭವಾಗುತ್ತದೆ.

ಎಲ್ಲರೂ ಆಡುತ್ತಿದ್ದ ಕಾಲ

ನಮ್ಮ ಊರಿನ ಆಟಗಳನ್ನು ಗಮನಿಸಿ. ಲಗೋರಿ, ಚಿಣ್ಣಿದಾಂಡು, ಮರಕೋತಿ ಮುಂತಾದ ಆಟಗಳಿಗೆ ಇಷ್ಟೇ ಮಂದಿ ಇರಬೇಕೆಂಬ ಕಟ್ಟಳೆಯಿಲ್ಲ. ಬಂದವರೆಲ್ಲ ಸೇರಿ ಆಡುತ್ತಾರೆ. ಅಣ್ಣನ ಹಿಂದೆ ಓಡಿಬಂದ ಪುಟ್ಟ ತಮ್ಮನಿಗೂ ಅಲ್ಲಿ ಜಾಗವಿದೆ; ಆದರೆ ಅವನು ಔಟಾದರೆ ಔಟಲ್ಲ, ಗೆದ್ದರೆ ಗೆಲುವಲ್ಲ. ಅವನಿಗಾಗಿಯೇ ಕನ್ನಡದಲ್ಲಿ ಒಂದು ಮಾತು ಹುಟ್ಟಿದೆ: ‘ಆಟಕ್ಕುಂಟು, ಲೆಕ್ಕಕ್ಕಿಲ್ಲ’. ಇಂದು ಈ ಮಾತನ್ನು ನಾವು ಹಂಗಿಸಲು ಬಳಸುತ್ತೇವೆ. ಮೂಲದಲ್ಲಿ ಅದು ಮಕ್ಕಳೇ ಕಂಡುಕೊಂಡ ಒಂದು ಉಪಾಯ. ಆಟ ಬಾರದವನನ್ನು ಮನೆಗೆ ಅಟ್ಟಬೇಕಿಲ್ಲ, ಆಟವೂ ಕೆಡಬೇಕಿಲ್ಲ. ಆಡುತ್ತ ಆಡುತ್ತ ಒಂದು ದಿನ ಅವನೂ ಲೆಕ್ಕಕ್ಕೆ ಬರುತ್ತಾನೆ.

ಇಂಗ್ಲೆಂಡಿನ ಹಳೆಯ ಶಾಲೆಗಳಲ್ಲೂ ಪರಿಸ್ಥಿತಿ ಬಹಳ ಭಿನ್ನವಾಗಿರಲಿಲ್ಲ. ರಗ್ಬಿ ಎಂಬ ಊರಿನ ಶಾಲೆಗೆ 1828ರಿಂದ 1841ರವರೆಗೆ ಥಾಮಸ್ ಆರ್ನಲ್ಡ್ ಮುಖ್ಯೋಪಾಧ್ಯಾಯರಾಗಿದ್ದರು. ಆ ಕಾಲದ ಅಲ್ಲಿಯ ಶಾಲಾಜೀವನವನ್ನು ಅವರ ವಿದ್ಯಾರ್ಥಿಯಾಗಿದ್ದ ಥಾಮಸ್ ಹ್ಯೂಸ್ ‘ಟಾಮ್ ಬ್ರೌನ್ಸ್ ಸ್ಕೂಲ್ ಡೇಸ್’ ಎಂಬ ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ. ಅದರಲ್ಲಿ ಬರುವ ಫುಟ್‌ಬಾಲ್ ಪಂದ್ಯದಲ್ಲಿ ಒಂದು ಕಡೆ ಐವತ್ತು ಅರವತ್ತು ಹುಡುಗರಿದ್ದರೆ ಎದುರು ಕಡೆ ಅದಕ್ಕಿಂತ ಬಹಳ ದೊಡ್ಡ ಗುಂಪು! ಅದೇ ದಿನ ಶಾಲೆಗೆ ಬಂದಿಳಿದ ಟಾಮ್ ಕೂಡ ಆ ಗುಂಪಿನಲ್ಲಿ ಸೇರಿ ಆಡುತ್ತಾನೆ. ನಿಯಮವೇ ತಿಳಿಯದವನನ್ನೂ ಯಾರೂ ಹೊರಗೆ ನಿಲ್ಲಿಸಲಿಲ್ಲ.

ಇದು ಬದಲಾದದ್ದು ಶಾಲೆ ಶಾಲೆಗಳ ನಡುವೆ, ಊರು ಊರುಗಳ ನಡುವೆ ಪಂದ್ಯಗಳು ಆರಂಭವಾದಾಗ. ಆಗ ಎರಡೂ ಕಡೆ ಸಮಸಂಖ್ಯೆ ಬೇಕಾಯಿತು, ಎಲ್ಲರೂ ಒಪ್ಪುವ ನಿಯಮ ಬೇಕಾಯಿತು. 1871ರ ಮೊದಲ ಅಂತರರಾಷ್ಟ್ರೀಯ ರಗ್ಬಿ ಪಂದ್ಯದಲ್ಲಿ ಒಂದು ತಂಡಕ್ಕೆ ಇಪ್ಪತ್ತು ಆಟಗಾರರಿದ್ದರು. 1877ರಲ್ಲಿ ಅದು ಹದಿನೈದಕ್ಕೆ ಇಳಿಯಿತು. ನಮ್ಮ ಕಬಡ್ಡಿಯದೂ ಇದೇ ಕಥೆ. ಬೇರೆ ಬೇರೆ ಪ್ರಾಂತಗಳಲ್ಲಿ ಬೇರೆ ಬೇರೆ ಹೆಸರಿನಿಂದ ಆಡುತ್ತಿದ್ದ ಈ ಆಟಕ್ಕೆ 20ನೆಯ ಶತಮಾನದ ಆರಂಭದ ದಶಕಗಳಲ್ಲಿ ಲಿಖಿತ ನಿಯಮಗಳು ಬಂದವು; 1950ರಲ್ಲಿ ಅಖಿಲ ಭಾರತ ಮಟ್ಟದ ಒಕ್ಕೂಟ ಸ್ಥಾಪನೆಯಾಯಿತು. ಆಟಕ್ಕೆ ಘನತೆ ಬಂತು, ಪಂದ್ಯಾವಳಿಗಳು ಬಂದವು. ಅದರ ಜೊತೆಯಲ್ಲೇ ‘ಉಳಿದವರು’ ಎಂಬ ಹೊಸ ವರ್ಗವೂ ಹುಟ್ಟಿತು. ತಂಡಕ್ಕೆ ಸಂಖ್ಯೆ ನಿಗದಿಯಾದ ದಿನವೇ ಕೈಬಿಡುವ ಪ್ರಶ್ನೆಯೂ ಆರಂಭವಾಯಿತು ಎನ್ನಬಹುದು.

ಆರ್ಥರನಿಗೆ ಜಾಗ ಕೊಟ್ಟದ್ದು ಸರಿಯೇ?

ಹ್ಯೂಸರ ಆ ಕಾದಂಬರಿ ಪ್ರಕಟವಾದದ್ದು 1857ರಲ್ಲಿ. ನಮ್ಮ ಇಂದಿನ ಚರ್ಚೆ ಅದರ ಕೊನೆಯ ಭಾಗದಲ್ಲೇ ಬರುತ್ತದೆ ಎಂದರೆ ನಿಮಗೆ ಆಶ್ಚರ್ಯವಾದೀತು. ಟಾಮ್ ಈಗ ದೊಡ್ಡವನಾಗಿ ಶಾಲೆಯ ಕ್ರಿಕೆಟ್ ತಂಡದ ನಾಯಕನಾಗಿದ್ದಾನೆ. ಲಂಡನ್ನಿನಿಂದ ಬಂದ ಪ್ರಬಲ ತಂಡದೊಡನೆ ಪಂದ್ಯ ನಡೆಯುತ್ತಿದೆ. ಹನ್ನೊಂದು ಮಂದಿಯಲ್ಲಿ ಆರ್ಥರ್ ಎಂಬ ತನ್ನ ಗೆಳೆಯನನ್ನೂ ಅವನು ಸೇರಿಸಿಕೊಂಡಿದ್ದಾನೆ. ಆರ್ಥರ್ ಸೂಕ್ಷ್ಮ ಪ್ರಕೃತಿಯ ಹುಡುಗ, ಕಾಯಿಲೆಯಿಂದ ಎದ್ದವನು. ಬರಿಯ ಆಟದ ಬಲದ ಮೇಲೆ ಅವನಿಗೆ ಜಾಗ ಸಿಗಬೇಕಿತ್ತೇ ಎಂಬುದು ಟಾಮನಿಗೂ ಖಚಿತವಿಲ್ಲ. ಆದರೆ ತಂಡದಲ್ಲಿರುವುದರಿಂದ ಅವನಿಗೆ ಬಹಳ ಒಳ್ಳೆಯದಾಗುತ್ತದೆ ಎಂದು ಟಾಮ್ ತನ್ನ ಶಿಕ್ಷಕರೊಂದಿಗೆ ಹೇಳಿಕೊಳ್ಳುತ್ತಾನೆ. ಶಿಕ್ಷಕರು ನಸುನಗುತ್ತಾರೆ. ಪಂದ್ಯದಲ್ಲಿ ಶಾಲೆ ಸೋಲುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ತಂಡವು ಗೆಲುವಿಗಾಗಿಯೋ ಹುಡುಗರ ಬೆಳವಣಿಗೆಗಾಗಿಯೋ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಎರಡು, ಟಾಮನ ಔದಾರ್ಯಕ್ಕೆ ಒಂದು ಬೆಲೆಯಿದೆ. ಆರ್ಥರನಿಗಿಂತ ಚೆನ್ನಾಗಿ ಆಡುವ ಹನ್ನೆರಡನೆಯ ಹುಡುಗನೊಬ್ಬ ಎಲ್ಲೋ ಬೇಲಿಯ ಪಕ್ಕ ಕುಳಿತಿದ್ದರೆ ಅವನ ಮನಸ್ಸಿಗೆ ಹೇಗಾಗಿರಬೇಕು? ಕಾದಂಬರಿ ಅವನ ಬಗ್ಗೆ ಏನೂ ಹೇಳುವುದಿಲ್ಲ. ನಾವು ಅವನನ್ನೂ ಮರೆಯಬಾರದು.

ಕಾದಂಬರಿಯ ಆ ಶಿಕ್ಷಕರ ಪಾತ್ರಕ್ಕೆ ಜಾರ್ಜ್ ಕಾಟನ್ ಎಂಬವರು ಮಾದರಿ ಎಂದು ಹೇಳಲಾಗುತ್ತದೆ. ಅವರು ರಗ್ಬಿಯಲ್ಲಿ ಶಿಕ್ಷಕರಾಗಿದ್ದು, ಅನಂತರ ಮಾರ್ಲ್‌ಬರೋ ಶಾಲೆಯ ಮುಖ್ಯಸ್ಥರಾಗಿ ಹುಡುಗರಿಗೆಲ್ಲ ವ್ಯವಸ್ಥಿತ ಆಟಗಳನ್ನು ರೂಢಿಸಿದರು. ಮುಂದೆ ಕಲ್ಕತ್ತೆಯ ಬಿಷಪ್ ಆಗಿ ಭಾರತಕ್ಕೆ ಬಂದರು. 1865ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಬಿಷಪ್ ಕಾಟನ್ ಶಾಲೆಗೆ ಅವರ ಹೆಸರೇ ಇದೆ. ಇಂಥ ಶಾಲೆಗಳ ಮೂಲಕ ವಿದ್ಯಾರ್ಥಿಗಳನ್ನು ‘ಹೌಸ್’ಗಳಾಗಿ ವಿಂಗಡಿಸಿ ಆಡಿಸುವ ಪದ್ಧತಿ ನಮ್ಮಲ್ಲಿಗೂ ಬಂತು. ನಿಮ್ಮ ಶಾಲೆಯಲ್ಲಿ ಕೆಂಪು, ನೀಲಿ, ಹಸಿರು, ಹಳದಿ ಎಂದು ನಾಲ್ಕು ಗುಂಪುಗಳಿದ್ದರೆ ಅದರ ಬೇರು ಅಲ್ಲಿದೆ. ಶಾಲೆಯ ತಂಡ ಒಂದೇ ಇರಬಹುದು, ಗುಂಪಿನ ತಂಡಗಳು ಹಲವು. ಮೊದಲನೆಯದರಲ್ಲಿ ಜಾಗ ಸಿಗದವನಿಗೆ ಎರಡನೆಯದರಲ್ಲಿ ಸಿಗುತ್ತದೆ. ಈ ಏರ್ಪಾಟನ್ನು ನೆನಪಿನಲ್ಲಿಡಿ. ಮುಂದೆ ಇದರ ಮಾತು ಮತ್ತೆ ಬರುತ್ತದೆ.

ಅರ್ಹತೆ ಎಂಬ ಮಾತಿನ ಬೆಲೆ

ಹಾಗಾದರೆ ಕೌಶಲವನ್ನು ನೋಡಿ ಆರಿಸುವುದೇ ಕ್ರೂರವೇ? ಅವಸರ ಬೇಡ. ಕೌಶಲವನ್ನು ನೋಡದೆ ಬೇರೆ ಏನನ್ನೋ ನೋಡಿ ಆರಿಸುತ್ತಿದ್ದ ಕಾಲವೂ ಇತ್ತು.

ಪಲ್ವಾಂಕರ್ ಬಾಳೂ 1876ರಲ್ಲಿ ನಮ್ಮ ಧಾರವಾಡದಲ್ಲಿ ಜನಿಸಿದರು. ಅವರ ಕುಟುಂಬ ಕೊಂಕಣ ಕರಾವಳಿಯಿಂದ ಬಂದದ್ದು. ಅಸ್ಪೃಶ್ಯವೆಂದು ದೂರವಿಟ್ಟಿದ್ದ ಜಾತಿಗೆ ಸೇರಿದ್ದು. ತಂದೆ ಸೈನ್ಯದಲ್ಲಿ ಕೆಲಸದಲ್ಲಿದ್ದರು. ಪುಣೆಯಲ್ಲಿ ಬಾಳೂ ಯುರೋಪಿಯನ್ನರ ಕ್ಲಬ್ಬಿನ ಮೈದಾನ ನೋಡಿಕೊಳ್ಳುವ ಕೆಲಸಕ್ಕೆ ಸೇರಿದರು. ತಿಂಗಳಿಗೆ ನಾಲ್ಕು ರೂಪಾಯಿ ಸಂಬಳ. ನೆಲವನ್ನು ಸಮತಟ್ಟು ಮಾಡುವುದು, ಬಲೆ ಕಟ್ಟುವುದು, ಸಾಹೇಬರು ಬ್ಯಾಟು ಹಿಡಿದಾಗ ಚೆಂಡೆಸೆಯುವುದು ಅವರ ಕೆಲಸ. ಗಂಟೆಗಟ್ಟಲೆ ಚೆಂಡೆಸೆದ ಆ ಎಡಗೈ ಸ್ಪಿನ್ ಬೌಲರ್ ತಮ್ಮ ಕಾಲದ ಭಾರತದ ಶ್ರೇಷ್ಠ ಬೌಲರುಗಳಲ್ಲಿ ಒಬ್ಬರಾದರು. ಆದರೆ ಹಿಂದೂ ತಂಡಕ್ಕೆ ಅವರನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂಬ ಬಗ್ಗೆಯೇ ಚರ್ಚೆ ನಡೆಯಿತು. ಸೇರಿಸಿಕೊಂಡ ಮೇಲೂ ವಿರಾಮದ ಹೊತ್ತಿನಲ್ಲಿ ಅವರಿಗೆ ಹೊರಗೆ ಮಣ್ಣಿನ ಲೋಟದಲ್ಲಿ ಚಹಾ ಕೊಡುತ್ತಿದ್ದರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಅವರು ನೂರಕ್ಕೂ ಹೆಚ್ಚು ವಿಕೆಟುಗಳನ್ನು ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದೊರೆಯಲಿಲ್ಲ. 1923ರಲ್ಲಿ ಅವರ ತಮ್ಮ ವಿಠಲ್ ನಾಯಕರಾದರು.

ಬಾಳೂ ಅವರಿಗೆ ಒಳಗೆ ಬರಲು ಬಾಗಿಲು ತೆರೆದದ್ದು ಅವರ ಚೆಂಡಿನ ತಿರುವೇ ಹೊರತು ಯಾರ ಕರುಣೆಯೂ ಅಲ್ಲ. ಯಾರು ಚೆನ್ನಾಗಿ ಆಡುತ್ತಾರೋ ಅವರೇ ಆಡಲಿ ಎಂಬ ತತ್ವ ಹುಟ್ಟು, ಹಣ, ಪರಿಚಯಗಳ ವಿರುದ್ಧ ಬಡವರಿಗೆ ಸಿಕ್ಕಿದ ಒಂದು ಆಯುಧ. ‘ಎಲ್ಲರಿಗೂ ಅವಕಾಶ’ ಎಂಬ ಹೆಸರಿನಲ್ಲಿ ಈ ತತ್ವವನ್ನು ಪೂರ್ತಿ ಕೈಬಿಟ್ಟರೆ ಆ ಜಾಗಕ್ಕೆ ಯಾರದೋ ಮಗ, ಯಾರದೋ ಶಿಫಾರಸು ಬಂದು ಕೂರುವ ಅಪಾಯವಿದೆ. ಆದ್ದರಿಂದ ಕೌಶಲದ ಅಳತೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಬಾಳೂ ಅವರ ಬೌಲಿಂಗನ್ನು ಅಳೆದದ್ದು ಅವರು ಬೆಳೆದು ನಿಂತ ಮೇಲೆ. ಇನ್ನೂ ಬೆಳೆಯುತ್ತಿರುವ ಮಗುವನ್ನು ಅದೇ ಕೋಲಿನಿಂದ ಅಳೆಯಬಹುದೇ? ಈ ಪ್ರಶ್ನೆಗೆ ಇತಿಹಾಸದಲ್ಲಿ ಒಂದು ದೇಶವೇ ಪ್ರಯೋಗಶಾಲೆಯಾಯಿತು.

ಜರಡಿ ಹಿಡಿದ ದೇಶ

‘ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣು’ ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಇದನ್ನು ಸರ್ಕಾರಿ ನೀತಿಯನ್ನಾಗಿ ಮಾಡಿಕೊಂಡಂತಿದ್ದ ದೇಶ ಪೂರ್ವ ಜರ್ಮನಿ. 1949ರಿಂದ 1990ರವರೆಗೆ ಅಸ್ತಿತ್ವದಲ್ಲಿದ್ದ ಈ ದೇಶದ ಜನಸಂಖ್ಯೆ ಸುಮಾರು 1.7 ಕೋಟಿ. 1952ರಿಂದ ಅಲ್ಲಿ ಮಕ್ಕಳಿಗಾಗಿ ವಿಶೇಷ ಕ್ರೀಡಾ ಶಾಲೆಗಳು ಆರಂಭವಾದವು. 1973ರಲ್ಲಿ ದೇಶದಾದ್ಯಂತ ಏಕರೂಪದ ಪರಿಶೀಲನೆ ಜಾರಿಗೆ ಬಂತು. ಪ್ರಾಥಮಿಕ ಶಾಲೆಯ ಮಕ್ಕಳ ಎತ್ತರ, ತೂಕ, ಓಟ, ಎಸೆತಗಳನ್ನು ಅಳೆದು, ಇವನು ದೋಣಿ ಹುಟ್ಟು ಹಾಕಲು ತಕ್ಕವನು, ಇವಳು ಈಜಿಗೆ ತಕ್ಕವಳು ಎಂದು ವಿಂಗಡಿಸುತ್ತಿದ್ದರು. ಆಯ್ಕೆಯಾದವರಿಗೆ ಉತ್ತಮ ತರಬೇತುದಾರರು, ಈಜುಕೊಳ, ಪೌಷ್ಟಿಕ ಆಹಾರ. ನಿರೀಕ್ಷೆಯಂತೆ ಬೆಳೆಯದವರನ್ನು ವರ್ಷ ವರ್ಷವೂ ಜರಡಿಯಿಂದ ಕೆಳಗೆ ಉದುರಿಸುತ್ತಿದ್ದರು.

ಫಲಿತಾಂಶ ಬೆರಗುಗೊಳಿಸುವಂಥದ್ದು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಪೂರ್ವ ಜರ್ಮನಿ 40 ಚಿನ್ನದ ಪದಕಗಳನ್ನು ಗೆದ್ದು, 34 ಚಿನ್ನ ಗೆದ್ದ ಅಮೆರಿಕವನ್ನು ಹಿಂದೆ ಹಾಕಿತು. 49 ಚಿನ್ನ ಗೆದ್ದ ಸೋವಿಯತ್ ಒಕ್ಕೂಟ ಮಾತ್ರ ಅದಕ್ಕಿಂತ ಮುಂದಿತ್ತು. ಮೊಳಕೆಯಲ್ಲೇ ಸಿರಿ ಕಾಣುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ ಎಂದು ಆಗ ಹಲವು ದೇಶಗಳವರು ಭಾವಿಸಿದರು.

ಆದರೆ ಪರದೆಯ ಹಿಂದಿನ ಕಥೆ ಬೇರೆ ಇತ್ತು. 1974ರಿಂದ ಸರ್ಕಾರವೇ ರಹಸ್ಯ ಯೋಜನೆಯೊಂದರ ಮೂಲಕ ಕ್ರೀಡಾಪಟುಗಳಿಗೆ ನಿಷಿದ್ಧ ಮದ್ದುಗಳನ್ನು ಕೊಡಿಸುತ್ತಿತ್ತು. ಹದಿಹರೆಯದ ಹುಡುಗಿಯರಿಗೂ ವಿಟಮಿನ್ ಎಂದು ಹೇಳಿ ಹಾರ್ಮೋನಿನ ಮಾತ್ರೆಗಳನ್ನು ನುಂಗಿಸಿದರು. ಹಲವರು ಜೀವನಪೂರ್ತಿ ರೋಗಗಳಿಂದ ನರಳಿದರು. ದೇಶಗಳು ಒಂದಾದ ಮೇಲೆ, 2000ದಲ್ಲಿ, ಅಲ್ಲಿನ ಕ್ರೀಡಾ ಮುಖ್ಯಸ್ಥರಾಗಿದ್ದ ಮನ್‌ಫ್ರೆಡ್ ಎವಾಲ್ಡ್ ಅವರನ್ನು ಬರ್ಲಿನ್ನಿನ ನ್ಯಾಯಾಲಯ ತಪ್ಪಿತಸ್ಥರೆಂದು ಘೋಷಿಸಿತು. ಪದಕಗಳಲ್ಲಿ ಎಷ್ಟು ಪಾಲು ಜರಡಿಯದು, ಎಷ್ಟು ಪಾಲು ಮದ್ದಿನದು ಎಂದು ಬೇರ್ಪಡಿಸುವುದು ಇಂದು ಸಾಧ್ಯವಿಲ್ಲ. ಮಗುವನ್ನು ಪದಕದ ಕಚ್ಚಾವಸ್ತುವೆಂದು ಎಣಿಸಿದರೆ ಎಲ್ಲಿಯವರೆಗೆ ಹೋಗಬಹುದು ಎಂಬುದು ಮಾತ್ರ ಸ್ಪಷ್ಟವಾಯಿತು.

ಹುಟ್ಟಿದ ತಿಂಗಳಿನ ಮಹಿಮೆ

ಇದು ನಿರಂಕುಶ ಸರ್ಕಾರದ ಮಾತಾಯಿತು, ಪ್ರಾಮಾಣಿಕವಾಗಿ ಆರಿಸಿದರೆ ತೊಂದರೆಯೇನು ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಕೆನಡಾದಿಂದ ಬಂತು.

ಅಲ್ಲಿ ಐಸ್ ಹಾಕಿ ಜನಪ್ರಿಯ ಆಟ. 1980ರ ದಶಕದಲ್ಲಿ ರೋಜರ್ ಬಾರ್ನ್ಸ್‌ಲಿ ಎಂಬ ಮನಶ್ಶಾಸ್ತ್ರಜ್ಞ ಪತ್ನಿಯೊಂದಿಗೆ ಕಿರಿಯರ ಪಂದ್ಯವೊಂದಕ್ಕೆ ಹೋಗಿದ್ದರು. ಆಟಗಾರರ ಪಟ್ಟಿ ಓದುತ್ತಿದ್ದ ಪತ್ನಿ, ಇವರಲ್ಲಿ ಬಹಳ ಮಂದಿ ವರ್ಷದ ಮೊದಲ ತಿಂಗಳುಗಳಲ್ಲೇ ಹುಟ್ಟಿದ್ದಾರಲ್ಲ ಎಂದು ಗಮನಿಸಿದರು. ಅವರು ಮುಂದೆ ಅಂಕಿಅಂಶಗಳನ್ನು ಕಲೆಹಾಕಿ ನೋಡಿದಾಗ ಅದು ಆಕಸ್ಮಿಕವಲ್ಲವೆಂದು ತಿಳಿಯಿತು. 1985ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಉನ್ನತ ತಂಡಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರ ಸಂಖ್ಯೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹುಟ್ಟಿದವರಿಗಿಂತ ಬಹಳ ಹೆಚ್ಚಾಗಿತ್ತು.

ಏಕೆ ಹೀಗೆ? ಕಾರಣ ಗ್ರಹಗತಿಯಲ್ಲಿಲ್ಲ, ನಿಯಮದಲ್ಲಿದೆ. ಅಲ್ಲಿ ವಯೋಮಿತಿಯ ಲೆಕ್ಕ ಜನವರಿ 1ಕ್ಕೆ. ಜನವರಿ ಮೊದಲ ವಾರ ಹುಟ್ಟಿದ ಹುಡುಗನೂ ಡಿಸೆಂಬರ್ ಕೊನೆಯ ವಾರ ಹುಟ್ಟಿದ ಹುಡುಗನೂ ಒಂದೇ ಗುಂಪು. ಇಬ್ಬರ ನಡುವೆ ಸುಮಾರು ಒಂದು ವರ್ಷದ ಅಂತರ. ಮೂವತ್ತರ ಪ್ರಾಯದಲ್ಲಿ ಒಂದು ವರ್ಷ ಏನೂ ಅಲ್ಲ; ಒಂಬತ್ತು ಹತ್ತರ ಪ್ರಾಯದಲ್ಲಿ ಅದು ಎತ್ತರ, ತೂಕ, ವೇಗ ಎಲ್ಲದರಲ್ಲೂ ಕಾಣುತ್ತದೆ. ತರಬೇತುದಾರರು ದೊಡ್ಡವನನ್ನು ‘ಪ್ರತಿಭಾವಂತ’ ಎಂದು ಆರಿಸುತ್ತಾರೆ. ಅವನಿಗೆ ಹೆಚ್ಚು ಅಭ್ಯಾಸ, ಹೆಚ್ಚು ಪಂದ್ಯಗಳು ಸಿಗುತ್ತವೆ. ನಾಲ್ಕು ವರ್ಷಗಳ ನಂತರ ಅವನು ನಿಜವಾಗಿಯೂ ಮುಂದಿರುತ್ತಾನೆ. ಚಿಕ್ಕವನು ಅಷ್ಟರಲ್ಲಿ ಆಟ ಬಿಟ್ಟಿರುತ್ತಾನೆ. ನಮ್ಮ ಆಯ್ಕೆ ಸರಿಯಾಗಿತ್ತು ನೋಡಿ ಎಂದು ಆರಿಸಿದವರು ಹೇಳುತ್ತಾರೆ! ನೀರೆರೆದ ಗಿಡ ಬೆಳೆಯಿತು, ಎರೆಯದ ಗಿಡ ಒಣಗಿತು. ಅದನ್ನು ಬೀಜದ ಗುಣವೆಂದು ತಿಳಿದಂತಾಯಿತು. ಬೇರೆ ದೇಶಗಳ ಫುಟ್‌ಬಾಲ್ ಮುಂತಾದ ಆಟಗಳಲ್ಲೂ ಇದೇ ಒಲವನ್ನು ಮುಂದೆ ಸಂಶೋಧಕರು ಕಂಡರು.

ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ ಅವರ ಕಥೆಯನ್ನು ನೀವು ಕೇಳಿರಬಹುದು. ಶಾಲಾ ತಂಡದಿಂದ ಅವರನ್ನು ಹೊರಹಾಕಿದರು, ಛಲದಿಂದ ಆಡಿ ಅವರು ಜಗದ್ವಿಖ್ಯಾತರಾದರು ಎಂದು ಭಾಷಣಗಳಲ್ಲಿ ಹೇಳುವುದುಂಟು. ನಡೆದದ್ದು ಸ್ವಲ್ಪ ಬೇರೆ. 1978ರಲ್ಲಿ ಉತ್ತರ ಕೆರೊಲಿನಾದ ಲೇನಿ ಪ್ರೌಢಶಾಲೆಯ ಹಿರಿಯರ ತಂಡದ ಪಟ್ಟಿಯಲ್ಲಿ ಹದಿನೈದರ ಜೋರ್ಡನ್ ಹೆಸರು ಇರಲಿಲ್ಲ. ಆಗ ಅವರ ಎತ್ತರ ಸುಮಾರು 5 ಅಡಿ 10 ಅಂಗುಲ. ತಂಡಕ್ಕೆ ಎತ್ತರದವರು ಬೇಕಾಗಿದ್ದರಿಂದ ಅವರದೇ ತರಗತಿಯ, ಬಹಳ ಎತ್ತರದ ಇನ್ನೊಬ್ಬ ಹುಡುಗನನ್ನು ಆರಿಸಿದರು. ಜೋರ್ಡನ್ ಮನೆಗೆ ಹೋಗಿ ಅತ್ತರಂತೆ. ಆದರೆ ಶಾಲೆ ಅವರನ್ನು ಮನೆಯಲ್ಲೇ ಕೂರಿಸಲಿಲ್ಲ, ಕಿರಿಯರ ತಂಡಕ್ಕೆ ಸೇರಿಸಿತು. ಅಲ್ಲಿ ಅವರು ವರ್ಷವಿಡೀ ಆಡಿದರು. ಅಷ್ಟರಲ್ಲಿ ನಾಲ್ಕಾರು ಅಂಗುಲ ಬೆಳೆದರು. ಮರುವರ್ಷ ಹಿರಿಯರ ತಂಡಕ್ಕೆ ಬಂದರು. ಛಲದ ಪಾತ್ರ ದೊಡ್ಡದು, ನಿಜ. ಆದರೆ ಕಿರಿಯರ ತಂಡವೇ ಇಲ್ಲದ ಶಾಲೆಯಲ್ಲಿ ಆ ಛಲ ಎಲ್ಲಿ ಚೆಂಡು ಹಿಡಿಯಬೇಕಿತ್ತು?

ಎಲ್ಲರಿಗೂ ಆಟ

ಕೈಬಿಡುವ ಪದ್ಧತಿಗೆ ಪರ್ಯಾಯಗಳನ್ನು ಹುಡುಕಿದವರೂ ಇದ್ದಾರೆ. 1964ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳ ಫುಟ್‌ಬಾಲ್‌ಗಾಗಿ ಒಂದು ಸಂಸ್ಥೆ ಆರಂಭವಾಯಿತು. ತಂಡದಲ್ಲಿರುವ ಪ್ರತಿಯೊಂದು ಮಗುವೂ ಪ್ರತಿ ಪಂದ್ಯದಲ್ಲಿ ಕನಿಷ್ಠ ಅರ್ಧ ಹೊತ್ತು ಆಡಬೇಕು, ತಂಡಗಳು ಬಲದಲ್ಲಿ ಸರಿಸಮವಾಗಿರಬೇಕು ಎಂಬುದು ಅದರ ನಿಯಮ. ಇಲ್ಲಿ ಸ್ಪರ್ಧೆ ಇದೆ, ಸೋಲು ಗೆಲುವು ಇದೆ; ಬೆಂಚಿನ ಮೇಲೆ ಇಡೀ ದಿನ ಕಳೆಯುವ ಮಗು ಮಾತ್ರ ಇಲ್ಲ.

ಇನ್ನೂ ಮುಂದೆ ಹೋದದ್ದು ನಾರ್ವೆ. ಅಲ್ಲಿನ ಕ್ರೀಡಾ ಒಕ್ಕೂಟ 1987ರಲ್ಲಿ ಮಕ್ಕಳ ಕ್ರೀಡೆಗೆಂದೇ ನಿಯಮಗಳನ್ನು ರೂಪಿಸಿತು. 2007ರಲ್ಲಿ ಅವುಗಳಿಗೆ ಮಕ್ಕಳ ಹಕ್ಕುಗಳ ಘೋಷಣೆಯ ರೂಪ ಕೊಟ್ಟಿತು. ಅದರಂತೆ ಚಿಕ್ಕ ಮಕ್ಕಳು ತಮ್ಮ ಊರಿನ ಸ್ಪರ್ಧೆಗಳಲ್ಲಿ ಮಾತ್ರ ಭಾಗವಹಿಸುತ್ತಾರೆ. ಹನ್ನೊಂದು ತುಂಬುವ ವರ್ಷದವರೆಗೆ ಫಲಿತಾಂಶದ ಪಟ್ಟಿ, ಸ್ಥಾನಪಟ್ಟಿಗಳನ್ನು ಪ್ರಕಟಿಸುವಂತಿಲ್ಲ. ಹದಿಮೂರು ತುಂಬುವ ವರ್ಷದವರೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಹೀಗೆ ಮಾಡಿದರೆ ಮಕ್ಕಳು ಮೆತ್ತಗಾಗುತ್ತಾರೆ ಎನ್ನುವವರಿಗೆ ಒಂದು ಅಂಕಿಯನ್ನು ತೋರಿಸಬಹುದು. ಸುಮಾರು 53 ಲಕ್ಷ ಜನಸಂಖ್ಯೆಯಿದ್ದ ಈ ದೇಶ 2018ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ 14 ಚಿನ್ನ ಸೇರಿ 39 ಪದಕಗಳನ್ನು ಗೆದ್ದು ಮೊದಲ ಸ್ಥಾನ ಪಡೆಯಿತು. ಇದಕ್ಕೆ ಹಿಮ, ಹಣ, ಹಳೆಯ ಸ್ಕೀಯಿಂಗ್ ಪರಂಪರೆ ಎಲ್ಲವೂ ಕಾರಣ. ನಿಯಮವೊಂದೇ ಪದಕ ತಂದಿತೆಂದು ಹೇಳಲಾಗದು. ಆದರೆ ಎಳವೆಯಲ್ಲಿ ಜರಡಿ ಹಿಡಿಯದಿದ್ದರೆ ದೇಶ ಸೋಲುತ್ತದೆ ಎಂಬ ವಾದ ಇದರಿಂದ ಬಿದ್ದುಹೋಗುತ್ತದೆ.

ನಮ್ಮ ನೆಲದಲ್ಲಿ

ನಮ್ಮ ದೇಶದಲ್ಲಿ ಶಾಲಾ ಕ್ರೀಡೆಗಳಿಗಾಗಿ 1954ರಲ್ಲಿ ಭಾರತೀಯ ಶಾಲಾ ಕ್ರೀಡಾ ಒಕ್ಕೂಟ ಸ್ಥಾಪನೆಯಾಯಿತು. 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಬಂತು. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಿಂದ ಹಳ್ಳಿಯ ಪ್ರತಿಭೆಗಳು ಮೇಲೆ ಬಂದಿವೆ. ಇದು ಹೆಮ್ಮೆಯ ವಿಷಯ. ಆದರೆ ಮೆಟ್ಟಿಲು ಹತ್ತುವವರ ಲೆಕ್ಕ ಇಡುವ ನಾವು ಮೊದಲ ಮೆಟ್ಟಿಲಲ್ಲೇ ಹಿಂದಿರುಗಿದವರ ಲೆಕ್ಕ ಇಡುವುದಿಲ್ಲ.

ನಮ್ಮವರೇ ಆದ ರಾಹುಲ್ ದ್ರಾವಿಡ್ ಈ ಬಗ್ಗೆ ಆಳವಾಗಿ ಯೋಚಿಸಿದವರು. 2015ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನೀಡಿದ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಅವರು ವಯಸ್ಸು ಮರೆಮಾಚುವ ಪಿಡುಗನ್ನು ಕಟುವಾಗಿ ಟೀಕಿಸಿದರು. ಒಬ್ಬ ಹುಡುಗನ ವಯಸ್ಸನ್ನು ತಿದ್ದಿ ಆಡಿಸಿದಾಗ ಪ್ರಾಮಾಣಿಕ ಹುಡುಗನೊಬ್ಬನ ಜಾಗ ಹೋಗುತ್ತದೆ. ಗೆಲುವೇ ಗುರಿಯಾದಾಗ ದೊಡ್ಡವರೇ ಮಕ್ಕಳಿಗೆ ಸುಳ್ಳು ಕಲಿಸುತ್ತಾರೆ ಎಂಬುದು ಅವರ ಕಳವಳವಾಗಿತ್ತು. ಆ ಹೊತ್ತಿಗಾಗಲೇ ಅವರು 19 ವರ್ಷದೊಳಗಿನವರ ಮತ್ತು ಭಾರತ ‘ಎ’ ತಂಡಗಳ ತರಬೇತುದಾರರಾಗಿದ್ದರು. ತಮ್ಮೊಂದಿಗೆ ‘ಎ’ ತಂಡದ ಪ್ರವಾಸಕ್ಕೆ ಬಂದ ಯಾವ ಹುಡುಗನೂ ಒಂದು ಪಂದ್ಯವನ್ನಾದರೂ ಆಡದೆ ಮರಳಬಾರದು ಎಂಬ ಪದ್ಧತಿ ಇಟ್ಟುಕೊಂಡರು. ತಾವೇ ಎಳೆಯರಾಗಿದ್ದಾಗ ಇಂಥ ಪ್ರವಾಸದಲ್ಲಿ ಅವಕಾಶ ಸಿಗದ ನೋವನ್ನು ಉಂಡದ್ದರಿಂದ ಹೀಗೆ ಮಾಡಿದ್ದಾಗಿ ಹೇಳಿದ್ದಾರೆ. ಒಬ್ಬ ಆಟಗಾರ ಕಿರಿಯರ ವಿಶ್ವಕಪ್ಪಿನಲ್ಲಿ ಒಂದೇ ಬಾರಿ ಆಡಬೇಕೆಂಬ ನಿಯಮ 2016ರಲ್ಲಿ ಬಂದದ್ದೂ ಅವರ ಸಲಹೆಯ ಮೇರೆಗೆ. ಅನುಭವಿಗಳನ್ನೇ ಮತ್ತೆ ಆಡಿಸಿದ್ದರೆ ಗೆಲುವು ಸುಲಭವಾಗುತ್ತಿತ್ತು. ಆದರೂ ಹೊಸಬರೊಂದಿಗೆ 2018ರಲ್ಲಿ ಅವರ ತಂಡ ವಿಶ್ವಕಪ್ ಗೆದ್ದಿತು. ಇಲ್ಲಿ ಒಂದು ಸೂಕ್ಷ್ಮವಿದೆ. ತಂಡಕ್ಕೆ ಆರಿಸುವಾಗ ದ್ರಾವಿಡ್ ಅವರ ಅಳತೆ ಕೌಶಲವೇ. ಆರಿಸಿದ ಮೇಲೆ ಯಾರನ್ನೂ ಅಲಂಕಾರಕ್ಕೆ ಕೂರಿಸಲಿಲ್ಲ.

ಇನ್ನೊಂದು ಉದಾಹರಣೆ ಕೊಡಗಿನದು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಆರಂಭಿಸಿದರು. ಇಲ್ಲಿ ತಂಡವೆಂದರೆ ಒಂದು ಮನೆತನ. ಭಾರತಕ್ಕೆ ಆಡಿದ ಆಟಗಾರನ ಪಕ್ಕದಲ್ಲೇ ಶಾಲಾ ಬಾಲಕಿ, ಅವಳ ಪಕ್ಕದಲ್ಲಿ ತಲೆ ನರೆತ ಹಿರಿಯರು ನಿಂತು ಆಡುವುದನ್ನು ಅಲ್ಲಿ ಕಾಣಬಹುದು. ಮೊದಲ ವರ್ಷ 60 ತಂಡಗಳಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಸೋತ ತಂಡ ಹೊರಗೆ ಹೋಗುತ್ತದೆ, ಪಂದ್ಯಗಳು ಬಿರುಸಿನಿಂದಲೇ ನಡೆಯುತ್ತವೆ. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯ ಅವರಂಥ ಆಟಗಾರರನ್ನು ಕೊಟ್ಟ ನಾಡು ಅದು. ಉತ್ತಮ ಆಟಗಾರರನ್ನು ಕಠಿಣವಾಗಿ ಆರಿಸುವ ತಂಡಗಳೂ ಎಲ್ಲರೂ ಆಡುವ ಮೈದಾನವೂ ಒಂದೇ ಜಿಲ್ಲೆಯಲ್ಲಿ ಜೊತೆಜೊತೆಗೇ ಇರಲು ಸಾಧ್ಯವೆಂದು ಕೊಡಗು ತೋರಿಸಿದೆ.

ಆರಿಸುವುದು ಬೇರೆ, ಅಟ್ಟುವುದು ಬೇರೆ

ಇಷ್ಟು ದೂರ ಬಂದ ಮೇಲೆ ನಮ್ಮ ಮೊದಲ ಪ್ರಶ್ನೆಗೆ ಮರಳೋಣ. ಒಂದು ಪಂದ್ಯಕ್ಕೆ ಹನ್ನೆರಡು ಮಂದಿಯನ್ನು ಆರಿಸುವುದು ಅನ್ಯಾಯವಲ್ಲ. ಬೆಳಗಿನ ಐದಕ್ಕೆದ್ದು ಅಭ್ಯಾಸ ಮಾಡಿದ ಹುಡುಗಿಗೆ ಅವಳ ಶ್ರಮದ ಫಲ ಸಿಗಲೇಬೇಕು. ಆದರೆ ಉಳಿದ ಇಪ್ಪತ್ತೆಂಟು ಮಂದಿಯನ್ನು ಆಟದಿಂದಲೇ ದೂರ ಮಾಡುವುದು ಬೇರೆ ಕೆಲಸ. ಮೊದಲನೆಯದು ಪಂದ್ಯದ ಅಗತ್ಯ. ಎರಡನೆಯದಕ್ಕೆ ಇತಿಹಾಸದಲ್ಲಿ ಸಮರ್ಥನೆ ಕಾಣುವುದಿಲ್ಲ. ಅಷ್ಟು ಎಳೆಯ ವಯಸ್ಸಿನಲ್ಲಿ ನಾವು ಅಳೆಯುವುದು ಕೌಶಲವನ್ನೋ, ಹುಟ್ಟಿದ ತಿಂಗಳನ್ನೋ, ತಿಂದ ಊಟವನ್ನೋ ಎಂದು ಹೇಳುವುದೇ ಕಷ್ಟ.

ಮುನ್ನೂರು ಮಕ್ಕಳಿಗೆ ಒಬ್ಬ ದೈಹಿಕ ಶಿಕ್ಷಕರು, ಒಂದೇ ಮೈದಾನ, ಎರಡೇ ಚೆಂಡು ಇರುವ ಶಾಲೆಗಳು ನಮ್ಮಲ್ಲಿ ಬಹಳ. ಎಲ್ಲರನ್ನೂ ಹೇಗೆ ಆಡಿಸುವುದು ಎಂಬ ಅವರ ಮಾತು ನೆಪವಲ್ಲ, ನಿಜವಾದ ಕಷ್ಟ. ಆದರೂ ಕಡಿಮೆ ಖರ್ಚಿನಲ್ಲಿ ಮಾಡಬಹುದಾದ ಕೆಲವು ಕೆಲಸಗಳಿವೆ. ಹೌಸ್ ಪಂದ್ಯಗಳನ್ನು ವರ್ಷಕ್ಕೊಂದು ದಿನದ ಶಾಸ್ತ್ರವಾಗಿಸದೆ ತಿಂಗಳಿಗೊಮ್ಮೆಯಾದರೂ ಆಡಿಸಬಹುದು. ಅಲ್ಲಿ ಪ್ರತಿಯೊಬ್ಬರೂ ಇಷ್ಟು ಹೊತ್ತು ಆಡಲೇಬೇಕೆಂಬ ನಿಯಮ ಇಡಬಹುದು. ಎರಡನೆಯ ತಂಡವೊಂದನ್ನು ಕಟ್ಟಿ ಪಕ್ಕದ ಊರಿನ ಶಾಲೆಯ ಎರಡನೆಯ ತಂಡದೊಡನೆ ಆಡಿಸಬಹುದು. ಯಾವ ಆಧಾರದ ಮೇಲೆ ಆರಿಸುತ್ತೇವೆಂದು ಮೊದಲೇ ತಿಳಿಸಬಹುದು. ಆಯ್ಕೆಯಾಗದವರಿಗೆ ಪಟ್ಟಿ ಓದಿ ಮುಗಿಸುವ ಬದಲು, ನಿನ್ನ ಆಟದಲ್ಲಿ ಇದು ಚೆನ್ನಾಗಿದೆ, ಇದನ್ನು ತಿದ್ದಿಕೊಂಡು ಮುಂದಿನ ವರ್ಷ ಬಾ ಎಂದು ಎರಡು ಮಾತು ಹೇಳಬಹುದು. ಮರುವರ್ಷ ಪಟ್ಟಿಯನ್ನು ಹೊಸದಾಗಿಯೇ ಬರೆಯಬೇಕು, ಹಳೆಯದನ್ನು ನಕಲು ಮಾಡಬಾರದು.

ವಿದ್ಯಾರ್ಥಿಗಳಾದ ನಿಮ್ಮ ಪಾಲೂ ಇದರಲ್ಲಿದೆ. ನೀವು ತಂಡದ ನಾಯಕರಾಗಿದ್ದರೆ, ಸಂಜೆಯ ಅಭ್ಯಾಸಕ್ಕೆ ಬಂದ ಹೊಸ ಹುಡುಗನಿಗೆ ಚೆಂಡು ಸಿಗುವಂತೆ ನೋಡಿಕೊಳ್ಳಬಹುದು. ನಿಮ್ಮ ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೆ, ಅದು ಆ ಒಂದು ದಿನದ ಅಳತೆಯೆಂದು ತಿಳಿದು ಮರುದಿನವೂ ಮೈದಾನಕ್ಕೆ ಹೋಗಿ. ನಮ್ಮ ಹಳ್ಳಿಯ ಮಕ್ಕಳು ಚಿಕ್ಕವನನ್ನು ಆಟಕ್ಕೆ ಸೇರಿಸಿಕೊಂಡದ್ದು ಅವನು ಎಂದೆಂದಿಗೂ ಲೆಕ್ಕದ ಹೊರಗಿರಲಿ ಎಂದಲ್ಲ, ಲೆಕ್ಕಕ್ಕೆ ಬರುವವರೆಗೆ ಆಟದಲ್ಲಿರಲಿ ಎಂದು. ಶಾಲೆಗಳು ಅಷ್ಟನ್ನು ಮಾಡಿದರೂ ಸಾಕು.

ಯೋಚಿಸಿ, ಚರ್ಚಿಸಿ

1. ಟಾಮ್ ಬ್ರೌನ್ ಆರ್ಥರನಿಗೆ ತಂಡದಲ್ಲಿ ಜಾಗ ಕೊಟ್ಟದ್ದು ಸರಿಯೇ? ಆರ್ಥರನ ಪರವಾಗಿ ಒಬ್ಬರು, ಜಾಗ ತಪ್ಪಿಸಿಕೊಂಡ ಹನ್ನೆರಡನೆಯ ಹುಡುಗನ ಪರವಾಗಿ ಒಬ್ಬರು ವಾದಿಸಿ.

2. ನಿಮ್ಮ ಶಾಲಾ ತಂಡದ ಆಟಗಾರರು ಹುಟ್ಟಿದ ತಿಂಗಳುಗಳನ್ನು ಪಟ್ಟಿ ಮಾಡಿ. ಕೆನಡಾದಲ್ಲಿ ಕಂಡ ಒಲವು ಇಲ್ಲಿಯೂ ಕಾಣುತ್ತದೆಯೇ?

3. ಪಲ್ವಾಂಕರ್ ಬಾಳೂ ಅವರ ಜೀವನವು ‘ಅರ್ಹತೆಯಿಂದ ಆಯ್ಕೆ’ ಎಂಬ ತತ್ವದ ಪರವಾಗಿ ಏನು ಹೇಳುತ್ತದೆ? ಪೂರ್ವ ಜರ್ಮನಿಯ ಅನುಭವ ಅದೇ ತತ್ವದ ಬಗ್ಗೆ ಯಾವ ಎಚ್ಚರಿಕೆ ನೀಡುತ್ತದೆ?

4. ಈಗಿರುವ ಮೈದಾನ ಮತ್ತು ಸಾಮಗ್ರಿಗಳಲ್ಲೇ ನಿಮ್ಮ ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ವಾರಕ್ಕೊಮ್ಮೆ ಪಂದ್ಯವೊಂದರಲ್ಲಿ ಆಡುವಂತೆ ಒಂದು ವೇಳಾಪಟ್ಟಿ ತಯಾರಿಸಿ.